ಸಂಜೆ ಮಾತ್ರ ಕಡಿದುಹೋಗುತ್ತಿದ್ದ ಆಟ: ದಾವಣಗೆರೆಯ ಒಂದು ಮನೆಯ ನೆಟ್‌ವರ್ಕ್ ಪ್ರಕರಣ

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಬಾಡಿಗೆ ಮನೆ. ಅಜ್ಜಿ, ತಾಯಿ, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಮಗಳು, ಎಂಜಿನಿಯರಿಂಗ್ ಓದುತ್ತಿರುವ ಮಗ. ಫೈಬರ್ ಸಂಪರ್ಕ ಬಂದು ವರ್ಷ ದಾಟಿದೆ. ದೂರು ಮಗನದು. ಸಂಜೆ ವ್ಯಾಲರಂಟ್ ಎಂಬ ಆನ್‌ಲೈನ್ ಆಟ ಆಡಲು ಕುಳಿತರೆ ಪಂದ್ಯದ ನಡುವೆ ಸಂಪರ್ಕ ಕಡಿದುಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೆಟ್ ತಾನಾಗಿಯೇ ಮರಳುತ್ತದೆ. ಆದರೆ ಅಷ್ಟರಲ್ಲಿ ಸುತ್ತು ಮುಗಿದಿರುತ್ತದೆ. ಒಮ್ಮೊಮ್ಮೆ ಪಂದ್ಯ ಬಿಟ್ಟುಹೋದ ಲೆಕ್ಕದಲ್ಲಿ ದಂಡವೂ ಬೀಳುತ್ತದೆ. ಐವರ ತಂಡದಲ್ಲಿ ಒಬ್ಬ ಮಾಯವಾದರೆ ಉಳಿದ ನಾಲ್ವರ ಆಟವೂ ಕೆಡುತ್ತದೆ. ಜೊತೆಗಾರರು ಅವನನ್ನು ತಂಡಕ್ಕೆ ಕರೆಯುವುದನ್ನೇ ಬಿಟ್ಟಿದ್ದರು.

ಇಂಥ ದೂರನ್ನು "ಆಟ ತಾನೇ, ಬಿಡು" ಎಂದು ತಳ್ಳಿಹಾಕುವವರೇ ಹೆಚ್ಚು. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆಯ ಸಂಪರ್ಕದಲ್ಲಿ ಇರುವ ದೋಷವನ್ನು ಆನ್‌ಲೈನ್ ಆಟದಷ್ಟು ಬೇಗ ಹೊರಗೆಡಹುವ ಬಳಕೆ ಮತ್ತೊಂದಿಲ್ಲ. ವಿಡಿಯೊ ನೋಡುವಾಗ ಮುಂದಿನ ದೃಶ್ಯಗಳು ಮೊದಲೇ ಇಳಿದು ಕುಳಿತಿರುತ್ತವೆ. ಹತ್ತು ಸೆಕೆಂಡು ಲೈನ್ ಸತ್ತರೂ ನೋಡುವವರಿಗೆ ತಿಳಿಯುವುದಿಲ್ಲ. ವಾಟ್ಸ್ಆ್ಯಪ್ ಸಂದೇಶ ಹೋಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಿ ಕೊನೆಗೆ ಹೋಗಿಯೇ ಹೋಗುತ್ತದೆ. ಆಟಕ್ಕೆ ಆ ಅನುಕೂಲವಿಲ್ಲ. ವ್ಯಾಲರಂಟ್‌ನ ಸರ್ವರ್ ಸೆಕೆಂಡಿಗೆ 128 ಬಾರಿ, ಅಂದರೆ ಎಂಟು ಮಿಲಿಸೆಕೆಂಡಿಗೂ ಕಡಿಮೆ ಅಂತರದಲ್ಲಿ, ಮೈದಾನದ ಸ್ಥಿತಿಯನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಮಾಹಿತಿ ಹರಿಯುವುದು ಯುಡಿಪಿ ವಿಧಾನದಲ್ಲಿ, ಅದರಲ್ಲಿ ಕಳೆದುಹೋದದ್ದು ತಾನಾಗಿ ಮತ್ತೆ ಬರುವುದಿಲ್ಲ. ಕಳೆದುಹೋದ ಪ್ಯಾಕೆಟ್ ಅನ್ನು, ಅಂದರೆ ಮಾಹಿತಿಯ ತುಣುಕನ್ನು, ತಡವಾಗಿ ತರಿಸಿಕೊಂಡರೂ ಉಪಯೋಗವಿಲ್ಲ, ಗುಂಡು ಹಾರಿ ಆಗಿರುತ್ತದೆ.

ನಾನು ಹೋಗುವ ಹೊತ್ತಿಗೆ ಮನೆಯವರು ಮಾಡಬೇಕಾದದ್ದನ್ನೂ ಮಾಡಬಾರದ್ದನ್ನೂ ಮಾಡಿ ಮುಗಿಸಿದ್ದರು. 100 ಎಂಬಿಪಿಎಸ್ ಇದ್ದ ಪ್ಲಾನ್ 200ಕ್ಕೆ ಏರಿತ್ತು. ಡಿಎನ್ಎಸ್ ವಿಳಾಸ ಬದಲಾಗಿತ್ತು. ಹುಡುಗ ವಿಂಡೋಸ್ ಅನ್ನು ಅಳಿಸಿ ಹೊಸದಾಗಿ ಹಾಕಿದ್ದ, ಹೊರಗಿನ ಸಂಪರ್ಕ ನೇರವಾಗಿ ಕಂಪ್ಯೂಟರ್‌ಗೆ ಬರಲೆಂದು ರೂಟರ್‌ನಲ್ಲಿ ಬಾಗಿಲು ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದ. ಇನ್ನೇನು ನಾಲ್ಕು ಕೊಂಬಿನಂತೆ ಆಂಟೆನಾ ಇರುವ ದುಬಾರಿ ಗೇಮಿಂಗ್ ರೂಟರ್‌ಗೆ ದುಡ್ಡು ಸುರಿಯುವುದರಲ್ಲಿದ್ದರು.

ಇವುಗಳಲ್ಲಿ ಯಾವುದೂ ಈ ರೋಗಕ್ಕೆ ಮದ್ದಾಗಲು ಸಾಧ್ಯವಿರಲಿಲ್ಲ. ಇಂಥ ಆಟ ನಡೆಯುವಾಗ ಬೇಕಾಗುವ ವೇಗ ಒಂದೆರಡು ಎಂಬಿಪಿಎಸ್ ಒಳಗಿನ ಮಾತು. 100 ಸಾಲದ್ದಕ್ಕೆ 200 ಬೇಕು ಎನ್ನುವ ಲೆಕ್ಕವೇ ಇಲ್ಲಿ ಹುಟ್ಟುವುದಿಲ್ಲ. ಡಿಎನ್ಎಸ್ ಕೆಲಸ ಸರ್ವರ್ ಹೆಸರಿಗೆ ವಿಳಾಸ ಹುಡುಕಿಕೊಡುವುದು. ಪಂದ್ಯ ಶುರುವಾದ ಮೇಲೆ ಅದಕ್ಕೆ ಕೆಲಸವಿಲ್ಲ. ಪೋರ್ಟ್ ಫಾರ್ವರ್ಡಿಂಗ್ ವಿಚಾರಕ್ಕೆ ರೂಟರ್‌ನ ಹೊರಮುಖದ ವಿಳಾಸ ನೋಡಿದರೆ ಸಾಕಿತ್ತು: ಅದು 100.74ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಸೇವಾದಾರರ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಅಂದರೆ ಈ ಮನೆ ಹಲವು ಗ್ರಾಹಕರೊಂದಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿದೆ. ಮನೆಯ ರೂಟರ್‌ನಲ್ಲಿ ಎಷ್ಟು ಬಾಗಿಲು ತೆರೆದರೂ ಸೇವಾದಾರರ ಬಾಗಿಲು ಮುಚ್ಚಿಯೇ ಇರುತ್ತದೆ.

ಎಲ್ಲರೂ ಒಪ್ಪಿಕೊಂಡಿದ್ದ ಕಾರಣ ಒಂದಿತ್ತು: ಸಂಜೆಯ ಲೋಡ್. ಎಲ್ಲರೂ ಮನೆಗೆ ಬಂದು ಮೊಬೈಲ್, ಟಿವಿ ಹಚ್ಚುತ್ತಾರೆ, ಲೈನ್ ತಡೆಯುವುದಿಲ್ಲ. ಸೇವಾದಾರರ ಸಹಾಯವಾಣಿಯವರೂ ಇದನ್ನೇ ಹೇಳಿದ್ದರು. ಇದಕ್ಕೆ ಒಂದು ಪುರಾವೆಯೂ ಸಿಕ್ಕಂತಿತ್ತು. ಕರೆಂಟ್ ಹೋದ ಸಂಜೆಗಳಲ್ಲಿ ಇನ್ವರ್ಟರ್ ಮೇಲೆ ನೆಟ್ ಇರುತ್ತದೆ. ಆಗ ಹುಡುಗ ಕಂಪ್ಯೂಟರ್ ಬಿಟ್ಟು ಮೊಬೈಲ್‌ನಲ್ಲಿ ಬಿಜಿಎಂಐ ಆಡುತ್ತಾನೆ. ಆ ಸಂಜೆಗಳಲ್ಲಿ ಒಮ್ಮೆಯೂ ಕಡಿದಿರಲಿಲ್ಲ. "ಇಡೀ ಏರಿಯಾದಲ್ಲಿ ಕರೆಂಟ್ ಇಲ್ಲ ಸರ್, ಉಳಿದವರ ನೆಟ್ ಬಂದ್ ಆಗಿರುತ್ತದೆ, ನಮಗೆ ಪೂರ್ತಿ ಸಿಗುತ್ತದೆ" ಎಂದು ಅವನೇ ವಿವರಿಸಿದ. ಕೇಳಲು ಎಷ್ಟು ಸರಿಯಾಗಿದೆ! ಈ ಗಮನಿಕೆ ನಿಜವೇ, ಬಹಳ ಬೆಲೆಯುಳ್ಳದ್ದೇ. ಅದರಿಂದ ತೆಗೆದ ತೀರ್ಮಾನದ ಮೇಲೆ ಮಾತ್ರ ನನಗೆ ಅನುಮಾನವಿತ್ತು.

ಎಲ್ಲಿ ಕಡಿಯುತ್ತಿದೆ?

ಕಂಪ್ಯೂಟರ್‌ನಿಂದ ಆಟದ ಸರ್ವರ್‌ವರೆಗಿನ ದಾರಿಯನ್ನು ನಾನು ಮೂರು ತುಂಡು ಮಾಡಿ ನೋಡುತ್ತೇನೆ. ಕಂಪ್ಯೂಟರ್‌ನಿಂದ ಮನೆಯ ರೂಟರ್‌ಗೆ ಒಂದು, ರೂಟರ್‌ನಿಂದ ಸೇವಾದಾರರ ಮೊದಲ ನಿಲ್ದಾಣಕ್ಕೆ ಇನ್ನೊಂದು, ಅಲ್ಲಿಂದಾಚೆಗಿನದು ಮೂರನೆಯದು. ಯಾವ ತುಂಡಿನಲ್ಲಿ ದೋಷವಿದೆ ಎಂದು ತಿಳಿಯುವವರೆಗೆ ಏನನ್ನೂ ಬದಲಿಸಬಾರದು, ಏನನ್ನೂ ಕೊಳ್ಳಬಾರದು. ಇದರಲ್ಲಿ ನಾನು ಹಟಮಾರಿ.

ಉಪಕರಣ ಸರಳ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಮೂರು ಕಪ್ಪು ಕಿಟಕಿ ತೆರೆದು, ನಿಲ್ಲದೆ ಓಡುವ ಪಿಂಗ್ ಹಚ್ಚಿದೆ (ಒಂದು ವಿಳಾಸವನ್ನು ಕೂಗಿ ಕರೆದು, ಉತ್ತರ ಬರಲು ಹಿಡಿದ ಹೊತ್ತು ಅಳೆಯುವುದೇ ಪಿಂಗ್): ಒಂದು ಮನೆಯ ರೂಟರ್ ಆದ 192.168.1.1ಕ್ಕೆ, ಒಂದು ಸೇವಾದಾರರ ಮೊದಲ ನಿಲ್ದಾಣಕ್ಕೆ, ಮತ್ತೊಂದು ಗೂಗಲ್‌ನ 8.8.8.8ಕ್ಕೆ. ಪ್ರತಿ ಸಾಲಿನ ಮುಂದೆ ಗಡಿಯಾರದ ಸಮಯ ಬೀಳುವಂತೆ ಮಾಡಿ ಕಡತಕ್ಕೆ ಉಳಿಸಿಕೊಂಡೆವು. ಸಮಯವಿಲ್ಲದ ಪಿಂಗ್ ದಾಖಲೆಯನ್ನು ಬೇರೆ ಯಾವುದರ ಜೊತೆಗೂ ತಾಳೆ ಹಾಕಲು ಬರುವುದಿಲ್ಲ.

ಮೊದಲ ತುಂಡಿನಲ್ಲೇ ಒಂದು ದೋಷ ಸಿಕ್ಕಿತು. ಕಂಪ್ಯೂಟರ್ ಹುಡುಗನ ಕೋಣೆಯಲ್ಲಿ, ರೂಟರ್ ಹಿಂದಿನ ಪಡಸಾಲೆಯಲ್ಲಿ, ನಡುವೆ ಎರಡು ಗೋಡೆ. ವೈ-ಫೈ 2.4 ಗಿಗಾಹರ್ಟ್ಸ್‌ನಲ್ಲಿತ್ತು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ; ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಮೂರೂ ತುಂಬಿ ತುಳುಕುತ್ತವೆ. ಪಕ್ಕದ ಕೋಣೆಯಲ್ಲಿರುವ ರೂಟರ್ ಎರಡು ಮಿಲಿಸೆಕೆಂಡಿನಲ್ಲಿ ಉತ್ತರಿಸಬೇಕು. ಇಲ್ಲಿ ಆಗಾಗ 90, 140, 200 ಎಂದು ಹಾರುತ್ತಿತ್ತು. ಬಾಗಿಲ ಚೌಕಟ್ಟಿನ ಮೇಲಿಂದ ಕ್ಯಾಟ್ 6 ಕೇಬಲ್ ಎಳೆದು ಕಂಪ್ಯೂಟರ್‌ಗೆ ನೇರವಾಗಿ ಚುಚ್ಚಿದೆವು. ರೂಟರ್‌ನ ಉತ್ತರ ಒಂದು ಮಿಲಿಸೆಕೆಂಡಿಗೆ ಇಳಿದು ಅಲ್ಲಿಯೇ ನಿಂತಿತು. ಆಟದಲ್ಲಿ ಆಗುತ್ತಿದ್ದ ಸಣ್ಣ ಸಣ್ಣ ಜಿಗಿತಗಳು ಹೋದವು. ಸಂಪರ್ಕ ಕಡಿಯುವುದು ಹೋಗಲಿಲ್ಲ.

ಆ ರಾತ್ರಿಯ ದಾಖಲೆ ಮರುದಿನ ನೋಡಿದಾಗ ಲೋಡ್ ವಾದ ಬಿರುಕು ಬಿಟ್ಟಿತು. 7 ಗಂಟೆ 42 ನಿಮಿಷದವರೆಗೆ 8.8.8.8ರ ಉತ್ತರ 22, 23, 22 ಮಿಲಿಸೆಕೆಂಡು. ಆಮೇಲೆ ಉತ್ತರವೇ ಇಲ್ಲದ ಸಾಲುಗಳು. ಅದಾದ ಮೇಲೆ ಮತ್ತೆ 23, 22, 22. ಅದೇ ಸೆಕೆಂಡುಗಳಲ್ಲಿ ಸೇವಾದಾರರ ಮೊದಲ ನಿಲ್ದಾಣವೂ ಮೌನ. ಮನೆಯ ರೂಟರ್ ಮಾತ್ರ ಒಂದು ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತಲೇ ಇತ್ತು. ಎರಡನೇ ತುಂಡಿನಲ್ಲಿ ದೋಷ. ಅದರ ಆಕಾರವೂ ದಟ್ಟಣೆಯ ಆಕಾರವಲ್ಲ. ಲೋಡ್ ಹೆಚ್ಚಾದರೆ ಪಿಂಗ್ ಮೆಲ್ಲಗೆ ಏರುತ್ತದೆ, 22 ಇದ್ದದ್ದು 40, 70, 120 ಆಗುತ್ತದೆ, ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಉದುರುತ್ತದೆ. ಇಲ್ಲಿ ಏರಿಕೆಯೇ ಇಲ್ಲ. ಒಮ್ಮೆಗೇ ಬಂದ್, ಒಮ್ಮೆಗೇ ಸಲೀಸು. ಪಿ.ಬಿ. ರಸ್ತೆಯ ಸಂಜೆಯ ವಾಹನ ದಟ್ಟಣೆ ಬೇರೆ, ರೈಲ್ವೆ ಗೇಟ್ ಬೀಳುವುದು ಬೇರೆ ಎಂದಾಗ ಹುಡುಗನಿಗೆ ತಕ್ಷಣ ಹೊಳೆಯಿತು.

ಅಷ್ಟರಲ್ಲಿ ಅಕ್ಕನೂ ಬಂದು ಕುಳಿತಳು. ಸಂಜೆ ಹೊರದೇಶದ ಗ್ರಾಹಕರೊಂದಿಗೆ ಕರೆಯಲ್ಲಿರುವಾಗ ಅವಳನ್ನು ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ಕಡಿಯುತ್ತಿತ್ತು. ಅದು ಕಚೇರಿಯ ತೊಂದರೆ ಎಂದುಕೊಂಡು ಅಲ್ಲಿಯ ಐಟಿ ವಿಭಾಗಕ್ಕೆ ದೂರು ಕೊಡುತ್ತಿದ್ದಳು. ವಿಪಿಎನ್ ತಂತ್ರಾಂಶದ ದಾಖಲೆಯಲ್ಲಿ ಕಡಿದ ಹೊತ್ತು ಸೆಕೆಂಡಿನವರೆಗೆ ಇರುತ್ತದೆ. ತಮ್ಮನ ಪಿಂಗ್ ಕಡತದ ಪಕ್ಕದಲ್ಲಿಟ್ಟರೆ ಹೊತ್ತುಗಳು ತಾಳೆಯಾದವು. ಒಂದೇ ಮನೆಯಲ್ಲಿ ಇಬ್ಬರು ಒಂದೇ ದೋಷಕ್ಕೆ ಎರಡು ಕಡೆ ದೂರು ಕೊಡುತ್ತಿದ್ದರು.

ಬೆಳಕಿನ ಲೆಕ್ಕ

ಮುಂದೆ ನೋಡಿದ್ದು ಓಎನ್‌ಟಿಯನ್ನು, ಅಂದರೆ ಫೈಬರ್ ಬಂದು ಸೇರುವ ಪೆಟ್ಟಿಗೆಯನ್ನು. ಈ ಮನೆಯಲ್ಲಿ ಅದೇ ರೂಟರ್ ಕೂಡ. ಬ್ರೌಸರ್‌ನಲ್ಲಿ ತೆರೆಯುವ ಅದರ ಪುಟದಲ್ಲಿ ಎರಡು ಗಡಿಯಾರಗಳಿರುತ್ತವೆ. ಪೆಟ್ಟಿಗೆಗೆ ಕರೆಂಟ್ ಬಂದು ಎಷ್ಟು ಹೊತ್ತಾಯಿತು ಎನ್ನುವುದು ಒಂದು. ಸೇವಾದಾರರೊಂದಿಗೆ ಪಿಪಿಪಿಓಇ ಎಂಬ ಲಾಗಿನ್ ಆಗಿ ಎಷ್ಟು ಹೊತ್ತಾಯಿತು ಎನ್ನುವುದು ಇನ್ನೊಂದು. ಮೊದಲನೆಯದು ದಿನಗಟ್ಟಲೆ ತೋರಿಸುತ್ತಿತ್ತು, ಎರಡನೆಯದು ಒಂದು ಗಂಟೆಗೂ ಕಡಿಮೆ. ಅಡಾಪ್ಟರ್ ದುರ್ಬಲವಾಗಿದ್ದು, ಸಂಪಿನ ಮೋಟಾರ್ ಹಚ್ಚಿದಾಗ ವೋಲ್ಟೇಜ್ ಕುಸಿದು ಪೆಟ್ಟಿಗೆ ಮರುಪ್ರಾರಂಭವಾಗುವ ಮನೆಗಳನ್ನು ನಾನು ನೋಡಿದ್ದೇನೆ. ಅಂಥಲ್ಲಿ ಎರಡೂ ಗಡಿಯಾರಗಳು ಸೊನ್ನೆಗೆ ಬರುತ್ತವೆ. ಇಲ್ಲಿ ಕರೆಂಟ್ ಸರಿಯಿದೆ, ಲೈನ್ ಕಡಿಯುತ್ತಿದೆ.

ಹುಡುಗ ಎರಡು ಬಗೆಯ ತೊಂದರೆ ಹೇಳಿದ್ದ: ಕೆಲವೊಮ್ಮೆ ಆಟ ಹೆಪ್ಪುಗಟ್ಟಿದಂತೆ ನಿಂತು ಮತ್ತೆ ಓಡುತ್ತದೆ, ಕೆಲವೊಮ್ಮೆ ಪೂರ್ತಿ ಹೊರಹಾಕುತ್ತದೆ. ಅದಕ್ಕೂ ಉತ್ತರ ಇಲ್ಲಿಯೇ ಇತ್ತು. ಲೈನ್ ಕಡಿದದ್ದು ಚಿಕ್ಕದಾದರೆ ಪಿಪಿಪಿಓಇ ಲಾಗಿನ್ ಉಳಿದುಕೊಳ್ಳುತ್ತದೆ. ಉದ್ದವಾದರೆ ಲಾಗಿನ್ ಬಿದ್ದು ಹೊಸದಾಗಿ ಆಗುತ್ತದೆ, ವಿಳಾಸ ಬದಲಾಗುತ್ತದೆ, ಆಟದ ಸರ್ವರ್‌ಗೆ ಹಳೆಯ ವಿಳಾಸದ ಆಟಗಾರ ಕಾಣೆಯಾಗುತ್ತಾನೆ.

ಅದೇ ಪುಟದಲ್ಲಿ, ಹೆಚ್ಚಿನವರು ತೆರೆದೇ ನೋಡದ ಒಂದು ಸಾಲಿದೆ: ಫೈಬರ್‌ನಿಂದ ಬಂದು ತಲುಪಿದ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ (ಸೊನ್ನೆಯಿಂದ ಕೆಳಗೆ ಇಳಿದಷ್ಟೂ ಬೆಳಕು ಕ್ಷೀಣ). ನಾನು ಮೊದಲು ನೋಡಿದ್ದು ಮಧ್ಯಾಹ್ನ, ಅದು -23.5 ಇತ್ತು. ಒಂದೇ ಫೈಬರ್‌ನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆಗೆ ಜಿಪಾನ್ ಎನ್ನುತ್ತಾರೆ; ಸಾಮಾನ್ಯವಾಗಿ ಬಳಕೆಯಲ್ಲಿರುವ ಬಿ ಪ್ಲಸ್ ದರ್ಜೆಯ ಜಿಪಾನ್ ಉಪಕರಣಕ್ಕೆ -27 ಡಿಬಿಎಂ ಕೆಳಗಿನ ಮಿತಿ. ಹಾಗಾಗಿ -23.5 ಕೆಲಸ ಮಾಡುತ್ತದೆ, ಆದರೆ ಮನಸ್ಸು ತುಂಬುವುದಿಲ್ಲ. ಸೇವಾದಾರರ ಕೇಂದ್ರದಿಂದ +3ರ ಆಸುಪಾಸಿನಲ್ಲಿ ಹೊರಟ ಬೆಳಕು 32 ಮನೆಗಳಿಗೆ ಹಂಚುವ ಸ್ಪ್ಲಿಟರ್‌ನಲ್ಲಿ 17 ಡೆಸಿಬೆಲ್‌ನಷ್ಟು ಕಳೆದುಕೊಳ್ಳುತ್ತದೆ. ಕಿಲೋಮೀಟರಿಗೆ ಕಾಲು ಡೆಸಿಬೆಲ್‌ನಷ್ಟು ಫೈಬರ್ ತಿನ್ನುತ್ತದೆ, ಕನೆಕ್ಟರ್ ಮತ್ತು ಬೆಸುಗೆಗಳಲ್ಲಿ ಇನ್ನೊಂದೆರಡು ಹೋಗುತ್ತದೆ. ಎಲ್ಲ ಕಳೆದರೂ ಊರೊಳಗಿನ ಮನೆಗೆ -18ರಿಂದ -21 ಬರಬೇಕು. ಇಲ್ಲಿ ಎಲ್ಲೋ ಸೋರಿಕೆಯಿದೆ.

ಸೇವಾದಾರರ ತಂತ್ರಜ್ಞ ಹಿಂದೆ ಬಂದಾಗಲೂ ಇದೇ ಅಂಕಿ ನೋಡಿ ಸರಿಯಿದೆ ಎಂದು ಹೋಗಿದ್ದ. ಅವನು ಬಂದದ್ದು ಬೆಳಗಿನ ಹೊತ್ತು, ಅವನ ಮೀಟರ್ ತೋರಿಸಿದ್ದು ನಿಜವೇ. ಸಂಜೆ ಏನಾಗುತ್ತದೆ ಎಂದು ನೋಡುವವರು ಬೇಕಿತ್ತು.

ಹಾಗಾಗಿ ಸಂಜೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಪುಟವನ್ನು ಮತ್ತೆ ಮತ್ತೆ ತಾಜಾ ಮಾಡುತ್ತಿದ್ದೆ. -23.5, -23.5, -23.6. ದೀಪ ಹಚ್ಚುವ ಹೊತ್ತಾಯಿತು. ಅಜ್ಜಿ ಮುಂಬಾಗಿಲನ್ನು ತೆರೆದಿಟ್ಟು, ಹಿತ್ತಿಲ ಬಾಗಿಲು ಹಾಕಿ, ಅದರ ಪಕ್ಕದ ಕಿಟಕಿಯ ಮರದ ರೆಕ್ಕೆಗಳನ್ನೂ ಎಳೆದು ಚಿಲಕ ಹಾಕಿದರು. ಪರದೆಯ ಮೇಲೆ -28.3.

"ಅಜ್ಜಿ, ಆ ಕಿಟಕಿಯನ್ನು ಒಮ್ಮೆ ತೆರೆಯುತ್ತೀರಾ?"

"ಸೊಳ್ಳೆ ನುಗ್ಗುತ್ತವೆ ತಮ್ಮಾ."

"ಒಂದೇ ನಿಮಿಷ ಅಜ್ಜಿ."

ತೆರೆದರು. -23.6.

ಟಾರ್ಚ್ ಹಿಡಿದು ನೋಡಿದೆ. ಕಂಬದಿಂದ ಬಂದ ಕಪ್ಪು ಚಪ್ಪಟೆ ಕೇಬಲ್ ಕಿಟಕಿಯ ಸರಳುಗಳ ನಡುವೆ, ಚೌಕಟ್ಟಿನ ಕೆಳಮೂಲೆಯಿಂದ ಒಳಗೆ ಬಂದಿತ್ತು. ರೆಕ್ಕೆ ಮುಚ್ಚಿದಾಗ ಅದರ ಅಂಚು ನೇರವಾಗಿ ಕೇಬಲ್ ಮೇಲೆ ಕೂರುತ್ತಿತ್ತು. ಆ ಜಾಗದಲ್ಲಿ ಮರದ ಬಣ್ಣ ಉಜ್ಜಿ ಹೋಗಿತ್ತು, ಕೇಬಲ್‌ನ ಕಪ್ಪು ಹೊದಿಕೆ ನುಣುಪಾಗಿ ಹೊಳೆಯುತ್ತಿತ್ತು. ಬೆರಳಾಡಿಸಿದರೆ ತಗ್ಗು ತಿಳಿಯುತ್ತಿತ್ತು. ಮುಚ್ಚಿದ ರೆಕ್ಕೆಗೂ ಚೌಕಟ್ಟಿಗೂ ನಡುವೆ ಕೇಬಲ್ ಲಂಬಕೋನದಲ್ಲಿ ಮಡಚಿಕೊಳ್ಳುತ್ತಿತ್ತು. ಬಾಗನ್ನು ಚೆನ್ನಾಗಿ ತಡೆಯುವ ಜಿ.657.ಎ2 ದರ್ಜೆಯ ಫೈಬರ್‌ಗೂ 7.5 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು ಎಂಬ ಮಿತಿಯಿದೆ. ಅದಕ್ಕಿಂತ ಬಿಗಿಯಾದರೆ ಗಾಜಿನೊಳಗೆ ಪುಟಿಯುತ್ತ ಸಾಗಬೇಕಾದ ಬೆಳಕು ಬಾಗಿನಲ್ಲಿ ಹೊರಗೆ ಸೋರಿಹೋಗುತ್ತದೆ.

-23.5ರಿಂದ -28.3 ಎಂದರೆ ಕಾಗದದ ಮೇಲೆ ಐದರಷ್ಟು ವ್ಯತ್ಯಾಸ. ಆದರೆ ಡಿಬಿಎಂ ಲೆಕ್ಕದಲ್ಲಿ ಮೂರು ಕಡಿಮೆಯಾದರೆ ಬೆಳಕು ಅರ್ಧವಾಯಿತೆಂದು ಅರ್ಥ. ಇಲ್ಲಿ ಉಳಿದದ್ದು ಮೂರರಲ್ಲಿ ಒಂದು ಪಾಲು. ಅದೂ ಮಿತಿಯಿಂದ ಕೆಳಗೆ. ಹಾಗಿದ್ದರೂ ಪೆಟ್ಟಿಗೆ ಹೇಗೋ ಎಳೆದಾಡಿಕೊಂಡು ನಡೆಯುತ್ತಿತ್ತು. ಗಾಳಿಗೆ ಹೊರಗಿನ ಕೇಬಲ್ ತೂಗಿದಾಗ, ರೆಕ್ಕೆ ಅಲುಗಿದಾಗ ಇನ್ನೊಂದಿಷ್ಟು ಬೆಳಕು ಹೋಗಿ ಪೂರ್ತಿ ಕಡಿಯುತ್ತಿತ್ತು. ಆಗ ಬೆಳಕು ಬರುತ್ತಿಲ್ಲವೆಂದು ತೋರಿಸುವ ಎಲ್ಓಎಸ್ ಎಂಬ ಕೆಂಪು ದೀಪ ಮಿನುಗುತ್ತದೆ. ಪೆಟ್ಟಿಗೆ ಟಿವಿಯ ಹಿಂದೆ ಇದ್ದುದರಿಂದ ಅದನ್ನು ಯಾರೂ ನೋಡಿರಲಿಲ್ಲ.

ಸೇವಾದಾರರ ಕೇಂದ್ರದಲ್ಲಿ ಇದು ಅಷ್ಟು ಕೆಟ್ಟದಾಗಿ ಕಾಣದಿರುವುದಕ್ಕೂ ಕಾರಣವಿದೆ. ಜಿಪಾನ್‌ನಲ್ಲಿ ಮನೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಬಾಗಿನಲ್ಲಿ ಹೆಚ್ಚು ಸೋರುವುದು ಉದ್ದ ತರಂಗಾಂತರದ ಬೆಳಕು. ಮನೆಗೆ ಬರುವುದು ಸೊರಗಿದಷ್ಟು ಮನೆಯಿಂದ ಹೋಗುವುದು ಸೊರಗುವುದಿಲ್ಲ. ಕಚೇರಿಯ ಪರದೆ ನೋಡಿ "ನಮ್ಮ ಕಡೆಯಿಂದ ಸರಿಯಿದೆ" ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ನೋಡುತ್ತಿರುವುದು ಇನ್ನೊಂದು ದಿಕ್ಕಿನ ಬೆಳಕನ್ನು.

ಕರೆಂಟ್ ಹೋದ ಸಂಜೆಗಳ ಒಗಟೂ ಬಿಡಿಸಿಕೊಂಡಿತು. ಫ್ಯಾನ್ ನಿಧಾನವಾಗಿ ಸೆಕೆ ತಡೆಯದಿದ್ದಾಗ ಅಜ್ಜಿಯೇ ಹಿತ್ತಿಲ ಕಿಟಕಿ ತೆರೆಸುತ್ತಿದ್ದರು. ಕೇಬಲ್ ಬಿಡುಗಡೆಯಾಗುತ್ತಿತ್ತು. ಅಕ್ಕ ಇನ್ನೊಂದು ನೆನಪಿಸಿಕೊಂಡಳು: ಮಳೆಗಾಲದ ಒಂದು ಮಧ್ಯಾಹ್ನ ಜೋರು ಎರಚಲಿಗೆ ಕಿಟಕಿಗಳನ್ನೆಲ್ಲ ಹಾಕಿದ್ದಾಗ ಅವಳ ಕರೆ ಕಡಿದಿತ್ತು. ಅಂದು ಮಳೆಗೆ ಲೈನ್ ಕೆಟ್ಟಿತೆಂದು ಎಲ್ಲರೂ ಅಂದುಕೊಂಡಿದ್ದರು.

ಇಷ್ಟಾದರೂ ನಾನು ಪ್ರಕರಣ ಮುಗಿಯಿತೆನ್ನಲಿಲ್ಲ. ದೋಷವನ್ನು ನಮ್ಮ ಇಷ್ಟದಂತೆ ತರಿಸಲು ಮತ್ತು ಹೋಗಲಾಡಿಸಲು ಬಂದರೆ ಮಾತ್ರ ಕಾರಣ ಸಿಕ್ಕಿತೆಂದು ಹೇಳಬಹುದು. ಒಂದು ಸಂಜೆ ಕಿಟಕಿಯನ್ನು ತೆರೆದಿಟ್ಟು, ಸೊಳ್ಳೆಪರದೆಯ ಬಟ್ಟೆಯನ್ನು ಸರಳುಗಳಿಗೆ ಕಟ್ಟಿದೆವು. ಅದೇ ಊರು, ಅದೇ ಸಂಜೆಯ ಲೋಡ್. ಹುಡುಗ ಮಲಗುವವರೆಗೆ ಆಡಿದ, ಪಿಂಗ್ ಕಡತದಲ್ಲಿ ಒಂದು ಖಾಲಿ ಸಾಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ, ಬೀದಿಯ ಹೆಚ್ಚಿನವರು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ, ಬೇಕೆಂದೇ ಕಿಟಕಿ ಮುಚ್ಚಿ ಚಿಲಕ ಹಾಕಿದೆವು. ಅರ್ಧ ಗಂಟೆಯೊಳಗೆ ಲೈನ್ ಕಡಿಯಿತು. ಲೋಡ್ ವಾದಕ್ಕೆ ಅಲ್ಲಿಗೆ ತೆರೆ ಬಿತ್ತು.

ಕೇಬಲ್ ಹೀಗೇಕೆ ಬಂದಿತ್ತೆಂದರೆ, ಸಂಪರ್ಕ ಕೊಡುವಾಗ ಮನೆಯ ಮಾಲೀಕರು ಗೋಡೆ ಕೊರೆಯಲು ಒಪ್ಪಿರಲಿಲ್ಲ. ಕೇಬಲ್ ಹುಡುಗರು ಕಿಟಕಿ ಹಿಡಿದರು. ಬಾಡಿಗೆ ಮನೆಗಳಲ್ಲಿ ಇದು ಸಾಮಾನ್ಯ. ತಾಯಿ ಮಾಲೀಕರನ್ನು ಕರೆಸಿ ಕಿಟಕಿ ತೆಗೆದು ಹಾಕಿ, ಪರದೆಯ ಮೇಲಿನ ಅಂಕಿ ಏರಿಳಿಯುವುದನ್ನು ತೋರಿಸಿದರು. ಕಣ್ಣೆದುರು ನೋಡಿದ ಮೇಲೆ ಅವರು ಆಕ್ಷೇಪಿಸಲಿಲ್ಲ. ಕಿಟಕಿಯ ಪಕ್ಕದಲ್ಲಿ ಗೋಡೆಗೆ ಸಣ್ಣ ರಂಧ್ರ ಕೊರೆಸಿದೆವು. ಮಳೆನೀರು ಒಳಗೆ ಹರಿಯದಂತೆ ರಂಧ್ರ ಹೊರಕ್ಕೆ ತುಸು ಇಳಿಜಾರಾಗಿರಬೇಕು, ಹೊರಗೆ ಕೇಬಲ್ ರಂಧ್ರಕ್ಕಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲೆ ಬರಬೇಕು. ಆಗ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸೇವಾದಾರರ ತಂತ್ರಜ್ಞ ಬಂದು, ಕಂಬದ ಬಳಿ ಸುತ್ತಿಟ್ಟಿದ್ದ ಹೆಚ್ಚುವರಿ ಕೇಬಲ್ ಬಿಡಿಸಿಕೊಂಡು, ಜಜ್ಜಿದ ಭಾಗವನ್ನು ಕತ್ತರಿಸಿ ಹಸಿರು ಬಣ್ಣದ ಹೊಸ ಕನೆಕ್ಟರ್ ಕಟ್ಟಿದ. ಪಿಂಗ್ ದಾಖಲೆಯನ್ನೂ ಎರಡು ಅಂಕಿಗಳನ್ನೂ ಮುಂದಿಟ್ಟಾಗ ಅವನು ಕೆಲಸಕ್ಕೆ ತೋರಿದ ಆಸಕ್ತಿ ನನಗೆ ಬಹಳ ಹಿಡಿಸಿತು. ಬರೀ "ನೆಟ್ ಸರಿಯಿಲ್ಲ" ಎಂಬ ದೂರು ಹಿಡಿದು ಮನೆಮನೆ ಅಲೆಯುವವರಿಗೆ ಇಂಥ ಅಳತೆ ಸಿಗುವುದೇ ಅಪರೂಪ.

ಮನೆಯಲ್ಲಿ ಇದನ್ನು ಪರೀಕ್ಷಿಸಹೊರಡುವವರಿಗೆ ಒಂದು ಎಚ್ಚರಿಕೆ: ಕನೆಕ್ಟರ್ ಬಿಚ್ಚಿ ಅದರ ತುದಿಯೊಳಗೆ ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣದ ಅವಗೆಂಪು ಲೇಸರ್. ತುದಿಗೆ ಬೆರಳಿನ ಜಿಡ್ಡು ಅಥವಾ ದೂಳು ತಾಗಿದರೂ ಲೈನ್ ಕೆಡುತ್ತದೆ. ಪೆಟ್ಟಿಗೆಯ ಪುಟದಲ್ಲಿ ಅಂಕಿ ನೋಡಿ, ಕೇಬಲ್ ಹಾದುಬಂದ ದಾರಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಬೀರು, ಮಂಚದ ಕಾಲು, ಬಾಗಿಲ ಸಂದು ಎಲ್ಲಿ ಒತ್ತುತ್ತಿದೆ ಎಂದು ನೋಡಿ.

ಈಗ ಅಂಕಿ ಹಗಲೂ ರಾತ್ರಿಯೂ -20.9ರ ಆಸುಪಾಸಿನಲ್ಲಿದೆ. ಪಿಪಿಪಿಓಇ ಗಡಿಯಾರ ಪೆಟ್ಟಿಗೆಯ ಗಡಿಯಾರದ ಜೊತೆಗೇ ಓಡುತ್ತಿದೆ. ಅಕ್ಕ ಪ್ಲಾನ್ ಅನ್ನು ಮತ್ತೆ 100ಕ್ಕೆ ಇಳಿಸಿದಳು, ಆಟಕ್ಕೂ ಕರೆಗೂ ಏನೂ ಕೊರತೆಯಾಗಿಲ್ಲ. ಒಂದು ವಿಷಯ ಉಳಿದಿದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಅಲ್ಲಿಂದ ಆಟದ ಸರ್ವರ್ ಇರುವ ಮುಂಬೈಗೆ ಸಾವಿರದ ಹತ್ತಿರ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ, ಹೋಗಿಬರಲು ಹದಿಮೂರು ಮಿಲಿಸೆಕೆಂಡು ಸಾಕು. ಆಟದೊಳಗಿನ ಪಿಂಗ್ ಹಗಲಿನಲ್ಲಿ 34 ಇರುತ್ತದೆ, ರಾತ್ರಿ ಒಂಬತ್ತರ ನಂತರ ಮೆಲ್ಲಗೆ 50 ದಾಟುತ್ತದೆ. ಇದು ನಿಜವಾದ ದಟ್ಟಣೆ. ಆಟ ಕಡಿಯುವುದಿಲ್ಲ, ಆದರೂ ಹುಡುಗ ಯಾವ ನಿಲ್ದಾಣದಲ್ಲಿ ಏರಿಕೆ ಶುರುವಾಗುತ್ತದೆ ಎಂದು ತೋರಿಸುವ ದಾಖಲೆ ಸೇರಿಸಿ ಸೇವಾದಾರರಿಗೆ ಬೇರೆಯೇ ದೂರು ಬರೆದಿದ್ದಾನೆ. ಉತ್ತರಕ್ಕೆ ಕಾಯುತ್ತಿದ್ದೇವೆ.